ನಕ್ಷೆಯಲ್ಲಿ ಇಲ್ಲದ ನೆಲಮಾಳಿಗೆ

ಮಳೆ ಹಿಡಿಯಿತೆಂದರೆ ನಮ್ಮ ಗ್ರಂಥಾಲಯದ ನೆಲಮಾಳಿಗೆಗೆ ಕಕ್ಕಸಿನ ನೀರು ನುಗ್ಗುತ್ತದೆ. ಮೇಲಿನ ಬೀದಿಯ ಚರಂಡಿ ಕಟ್ಟಿಕೊಂಡು, ವಿಶ್ವವಿದ್ಯಾಲಯದವರೆಲ್ಲ ಬಿಟ್ಟದ್ದು ನಮ್ಮ ಮೂಲೆಯ ಜಾಲರಿಯಿಂದ ಗುಳುಗುಳು ಉಕ್ಕುತ್ತದೆ. ಆ ನೀರಿನಲ್ಲಿ ನಿಂತು ನಾವು ಕಾನೂನಿನ ಪುಸ್ತಕ, ವೈದ್ಯದ ಪುಸ್ತಕ ಹುಡುಕುತ್ತೇವೆ. ಕಪಾಟಿನ ಕೆಳಸಾಲಿನವು ನೀರು ಕುಡಿದು ಊದಿಕೊಂಡಿವೆ, ಎಳೆದರೂ ಬರುವುದಿಲ್ಲ. ಬಂದರೆ ಹಸಿರು ಬೂಷ್ಟು ಪುಡಿಯಾಗಿ ಮೂಗಿಗೆ ನುಗ್ಗುತ್ತದೆ. ಹಿಂದೆ ಇಲಿಯ ಹಿಕ್ಕೆ.

ಓದುಗರು ನಮ್ಮನ್ನು ಕಂಡವರಲ್ಲ. ಅವರು ಮೇಲೆ ಕೌಂಟರಿನಲ್ಲಿ ಗುರುತಿನ ಕಾರ್ಡು ಇಟ್ಟು, ಪುಸ್ತಕದ ಹೆಸರು ಬರೆದುಕೊಡುತ್ತಾರೆ. ಗೋಡೆಯೊಳಗಿನ ಪುಟ್ಟ ಲಿಫ್ಟಿನಲ್ಲಿ ಚೀಟಿ ಇಳಿಯುತ್ತದೆ, ಪುಸ್ತಕ ಏರುತ್ತದೆ. ಏರುವ ಮುಂಚೆ ಪ್ರತಿ ಪುಸ್ತಕಕ್ಕೂ ಸುಗಂಧದ ಸ್ಪ್ರೇ ಹೊಡೆಯಬೇಕೆಂದು ನಿರ್ದೇಶಕರಾದ ಡಾಕ್ಟರ್ ಇರಿಯಾರ್ತೆ ಅವರ ಆಜ್ಞೆ. ನಮ್ಮ ಮೂಗಿಗೆ ಕಟ್ಟಿಕೊಳ್ಳಲು ಒಂದು ಚೂರು ಬಟ್ಟೆಯನ್ನೂ ಕೊಟ್ಟವರಲ್ಲ. ಪುಸ್ತಕಕ್ಕೆ ಮಾತ್ರ ಅತ್ತರು.

ಕೆಳಸಾಲಿನ ಕೆಲಸ ಹೆಚ್ಚಾಗಿ ನಿಕಾನೋರನ ಪಾಲಿಗೆ ಬರುತ್ತಿತ್ತು. ನಮ್ಮೆಲ್ಲರಿಗಿಂತ ಗಟ್ಟಿ ಆಳು, ಬಗ್ಗಿ ಎಳೆಯುತ್ತಿದ್ದ. ಕ್ರಿಸ್‌ಮಸ್ ಕಳೆದ ಮೇಲೆ ಅವನ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಕಫದಲ್ಲಿ ರಕ್ತ. ಪುಪ್ಪುಸದಲ್ಲಿ ಬೂಷ್ಟು ಬೆಳೆದಿದೆ ಎಂದರು ಕಾರ್ಮಿಕರ ವಿಮಾ ಆಸ್ಪತ್ರೆಯವರು. ಔಷಧಿಯೂ ಇತ್ತು, ಹಾಸಿಗೆಯೂ ಇತ್ತು. ಆದರೆ ಅವನು ಎಲ್ಲಿ ಕೆಲಸ ಮಾಡುತ್ತಾನೆಂದು ನಿರ್ದೇಶಕರು ಸಹಿ ಹಾಕಿ ಹೇಳಬೇಕಿತ್ತು, ಆಗಲೇ ಸೇರಿಸಿಕೊಳ್ಳುವುದು.

ನಮ್ಮಲ್ಲಿ ಹಿರಿಯಳು ಫೊರ್ತುನಾತಾ, ದೋನ್ಯಾ ಎಂದೇ ಗೌರವದಿಂದ ಕರೆಯುತ್ತೇವೆ. ಅವಳು ನನ್ನನ್ನೂ ಕರೆದುಕೊಂಡು ಮೇಲೆ ಹೋದಳು. ಬೂಟು ಬಾಗಿಲಲ್ಲೇ ಬಿಡಿ ಎಂದರು, ಬಿಟ್ಟೆವು. ಡಾಕ್ಟರ್ ಇರಿಯಾರ್ತೆ ಎದುರಿಗೆ ಗ್ರಂಥಾಲಯದ ರಟ್ಟಿನ ಮಾದರಿ ಇತ್ತು. ರಟ್ಟಿನ ಮರ, ರಟ್ಟಿನ ವಿದ್ಯಾರ್ಥಿಗಳು. ಪಕ್ಕದಲ್ಲಿ ಐದು ವರ್ಷದ ಯೋಜನೆಯ ದಪ್ಪ ಪುಸ್ತಕ.

ದೋನ್ಯಾ ವಿಷಯ ಹೇಳಿದಳು. ಅವರು ಮುಗುಳ್ನಕ್ಕರು.

"ನೋಡಮ್ಮ, ಯೋಜನೆಯಲ್ಲಿ ನೆಲಮಾಳಿಗೆನೇ ಇಲ್ಲ. ಹೋದ ವರ್ಷ ಮುಚ್ಚಿ ಆಯ್ತು. ಮುಚ್ಚಿರೋ ಜಾಗದಲ್ಲಿ ಒಬ್ಬ ಕೆಲ್ಸ ಮಾಡ್ತಿದ್ದ ಅಂತ ನಾನು ಹೆಂಗೆ ಸಹಿ ಹಾಕ್ಲಿ?"

"ಹಂಗಾದ್ರೆ ಪುಸ್ತಕ ಎಲ್ಲಿಂದ ಬರ್ತವೆ ಡಾಕ್ಟ್ರೇ?"

"ಅದು ಆಡಳಿತದ ವಿಷ್ಯ. ನಿಮಗೆ ಅರ್ಥ ಆಗಲ್ಲ."

ನಮಗೆ ಚೆನ್ನಾಗಿಯೇ ಅರ್ಥವಾಗಿತ್ತು. ಪುಸ್ತಕಗಳನ್ನೆಲ್ಲ ಮೇಲಕ್ಕೆ ಸಾಗಿಸಿ ಹೊಸ ಕಪಾಟು ಹಾಕಿಸಲೆಂದು ಸರ್ಕಾರ ಹಣ ಕೊಟ್ಟಿತ್ತು. ಆ ಹಣದಲ್ಲಿ ಎರಡನೇ ಮಹಡಿಯಲ್ಲಿ ಗಾಜಿನ ಹಾಲ್ ಎದ್ದಿತು. ಬಿಳಿ ಮೇಜು, ಕಾಫಿಯ ಅಂಗಡಿ, ನಿರ್ದೇಶಕರ ಭಾವಮೈದುನನ ಗುತ್ತಿಗೆ. ಕಾಗದದಲ್ಲಿ ಪುಸ್ತಕಗಳು ಮೇಲೇರಿದವು, ನಾವು ಮಾಯವಾದೆವು. ನಮ್ಮನ್ನು ಒಂದು ಕ್ಲೀನಿಂಗ್ ಕಂಪನಿಯ ಆಳುಗಳೆಂದು ಬರೆದುಕೊಂಡಿದ್ದರು.

ಎದ್ದು ಬರುವಾಗ ಡಾಕ್ಟರ್ ಇರಿಯಾರ್ತೆ ದೋನ್ಯಾಳನ್ನು ಮತ್ತೆ ಕರೆದರು. ಕಾರ್ನಿವಲ್ ಹಬ್ಬಕ್ಕೆ ಮುಂಚಿನ ಶುಕ್ರವಾರ ನಮ್ಮ ಬೊಲಿವಿಯಾದಲ್ಲಿ ಕಚೇರಿ, ಅಂಗಡಿ, ಗ್ಯಾರೇಜು ಯಾವುದೇ ಇರಲಿ, ಕೆಲಸದ ಜಾಗದಲ್ಲಿ ಧೂಪ ಹಾಕಿ ನೆಲತಾಯಿ ಪಾಚಮಾಮಾಗೆ ಮದ್ಯ ಎರೆಯುತ್ತಾರೆ. ಅದೇ ದಿನ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಡುವ ಪರಿಶೀಲಕರೂ ಬರುವವರಿದ್ದರು, ಹೊರದೇಶದವರು. ಗಾಜಿನ ಹಾಲಿನಲ್ಲಿ ಎರೆಯುವ ಶಾಸ್ತ್ರ ಇದ್ದರೆ ಅವರಿಗೆ ಖುಷಿಯಾಗುತ್ತದಂತೆ. ದೋನ್ಯಾ ಒಳ್ಳೆಯ ನೆರಿಗೆ ಲಂಗ ಉಟ್ಟು, ಹ್ಯಾಟು ಇಟ್ಟು ಬಂದು ಮಾಡಿಕೊಡಬೇಕಂತೆ.

"ಸಹಿ?" ಎಂದಳು ದೋನ್ಯಾ.

"ಆಮೇಲೆ ನೋಡೋಣ."

ಮೆಟ್ಟಿಲಿಳಿಯುವಾಗ ಅವಳು ಉಗುಳಿದಳು. "ನಾವು ನಕ್ಷೆಗೆ ಬೇಡ, ಫೋಟೋಗೆ ಬೇಕು" ಎಂದಳು.

ಶುಕ್ರವಾರ ಹಾಲ್ ತುಂಬ ಬಣ್ಣದ ಕಾಗದ, ಬಿಯರು. ಕುಲಪತಿಗಳು ಕೊರಳಿಗೆ ಕಾಗದದ ಹಾರ ಹಾಕಿಕೊಂಡಿದ್ದರು. ಅವರು ಗಣಿ ಊರಿನವರು, ಈ ಶಾಸ್ತ್ರಕ್ಕೆ ಹೆದರುವ ಮನುಷ್ಯ. ಪರಿಶೀಲಕರ ಕೈಯಲ್ಲಿ ಫೋನು. ಡಾಕ್ಟರ್ ಇರಿಯಾರ್ತೆ ಭಾಷಣದಲ್ಲಿ, ಇಂಥ ಗ್ರಂಥಾಲಯ ಬೊಲಿವಿಯಾದಲ್ಲೇ ಇಲ್ಲ ಎಂದರು. ಅದೊಂದು ನಿಜ.

ದೋನ್ಯಾ ಕೆಂಡದ ಬಟ್ಟಲಿಗೆ ಧೂಪ, ಸಕ್ಕರೆಯ ಗೊಂಬೆ, ಲಾಮಾ ಪ್ರಾಣಿಯ ಕೊಬ್ಬು ಹಾಕಿದಳು. ಹೊಗೆ ಎದ್ದಿತು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಮದ್ಯದ ಸೀಸೆ ಎತ್ತಿಕೊಂಡು ಬಿಳಿ ಟೈಲ್ಸ್ ನೋಡಿದಳು.

"ಇದು ಮಹಡಿ. ಇಲ್ಲಿ ಎರೆದ್ರೆ ತಾಯಿಗೆ ಮುಟ್ಟಲ್ಲ, ಕೆಳಗಿರೋರ ತಲೆ ಮೇಲೆ ಬೀಳ್ತದೆ."

ಎಲ್ಲರೂ ನಕ್ಕರು. ಅವಳು ನಗದೆ ಬಾಗಿಲ ಕಡೆ ನಡೆದಳು. ಹೊತ್ತಿದ ಬಟ್ಟಲು ಹೊರಟ ಮೇಲೆ ಎರೆಯದೆ ಹಿಂದಿರುಗುವ ಹಾಗಿಲ್ಲ, ವರ್ಷವೆಲ್ಲ ಕೇಡು. ಕುಲಪತಿಗಳು ಗ್ಲಾಸು ಹಿಡಿದು ಹಿಂದೆ ಬಂದರು. ಅವರು ಬಂದರೆಂದು ಎಲ್ಲರೂ ಬಂದರು. ಡಾಕ್ಟರ್ ಇರಿಯಾರ್ತೆ ದೋನ್ಯಾಳ ಪಕ್ಕಕ್ಕೆ ನುಗ್ಗಿ, ಅಲ್ಲಿ ಬೇಡ, ಬೇಡ ಎಂದು ಪಿಸುಗುಟ್ಟುತ್ತಿದ್ದರು.

"ಹೊಗೆ ಹೊರಟಾಗಿದೆ ಡಾಕ್ಟ್ರೇ. ಇನ್ನು ನನ್ನ ಕೈಲಿಲ್ಲ."

ಇದೆಲ್ಲ ದೋನ್ಯಾ ಆಮೇಲೆ ಹೇಳಿದ್ದು, ನಾವು ಆಗ ಕೆಳಗೆ ಕೆಲಸದಲ್ಲಿದ್ದೆವು. ಬಾಗಿಲು ತೆರೆಯಿತು. ಮೊದಲು ಹೊಗೆ, ಆಮೇಲೆ ದೋನ್ಯಾ, ಅವಳ ಹಿಂದೆ ಪಾಲಿಶ್ ಮಾಡಿದ ಬೂಟುಗಳ ಸಾಲು. ಕೊನೆಯ ಮೆಟ್ಟಿಲಲ್ಲಿ ಸಾಲು ನಿಂತುಬಿಟ್ಟಿತು. ನೀರಿನ ಮೇಲೆ ಏನು ತೇಲುತ್ತಿತ್ತೆಂದು ಬರೆಯಲು ನನಗೆ ನಾಚಿಕೆಯಿಲ್ಲ, ಅವರದೇ ಮಲ. ಒಬ್ಬ ಪರಿಶೀಲಕ ಬಾಯಿಗೆ ಕೈ ಇಟ್ಟುಕೊಂಡ.

ದೋನ್ಯಾ ನೆರಿಗೆ ಲಂಗ ನೆನೆಯುವಂತೆ ನೀರಿಗಿಳಿದು ಮದ್ಯ ಎರೆದಳು. "ತಾಯಿ, ನಿನ್ನ ಮೈಮೇಲೆ ಇವರು ಏನು ಹರಿಸಿದಾರೆ ನೋಡ್ಕೋ. ನಿಕಾನೋರ್ ಇಲ್ಲೇ ಪುಪ್ಪುಸ ಕೆಡಿಸ್ಕೊಂಡ. ಇಲ್ಲಿ ಯಾರೂ ಇಲ್ಲ ಅಂತಾರೆ. ನೀನು ಕಂಡಿದೀಯ."

ಪರಿಶೀಲಕ ನಮ್ಮನ್ನು ತೋರಿಸಿ ಇವರು ಯಾರೆಂದು ಕೇಳಿದ. ಹಳೇ ಸಾಮಾನು ಸಾಗಿಸಲು ಬಂದ ಕ್ಲೀನಿಂಗ್‌ನವರು ಎಂದರು ಡಾಕ್ಟರ್ ಇರಿಯಾರ್ತೆ. ಅಷ್ಟರಲ್ಲಿ ಗಂಟೆ ಹೊಡೆದು ಲಿಫ್ಟ್ ಇಳಿಯಿತು. ನಾನು ಚೀಟಿ ತೆಗೆದು ಗಟ್ಟಿಯಾಗಿ ಓದಿದೆ. ಕಾರ್ಮಿಕ ಕಾನೂನು, ಎರಡನೇ ಸಂಪುಟ. ಹುಡುಕಿ, ಎಲ್ಲರೂ ನೋಡುತ್ತಿರುವಂತೆ ಲಿಫ್ಟಿನಲ್ಲಿಟ್ಟು ಮೇಲೆ ಕಳಿಸಿದೆ. ಬಂದವರೆಲ್ಲ ಮೆಟ್ಟಿಲ ಮೇಲಿಂದಲೇ ಒಂದೊಂದು ಗುಟುಕು ಚೆಲ್ಲಿ, ಮೂಗು ಮುಚ್ಚಿಕೊಂಡು ಮೇಲೆ ಹೋದರು. ಮೇಲೆ ಸಂಗೀತ ಶುರುವಾಯಿತು.

ಪರಿಶೀಲಕರು ಕಂಡರು, ಮೂಸಿದರು. ಆದರೂ ಮಾನ್ಯತೆ ಕೊಟ್ಟರು. ಗಾಳಿಯ ವ್ಯವಸ್ಥೆ ಇನ್ನೂ ಉತ್ತಮಪಡಿಸಬಹುದು ಎಂಬ ಒಂದು ಸಲಹೆಯೂ ಇತ್ತಂತೆ.

ಕಾರ್ನಿವಲ್ ಮುಗಿಸಿ ಬಂದ ದಿನ ಬಡಗಿಯೊಬ್ಬ ನೆಲಮಾಳಿಗೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿಯುತ್ತಿದ್ದ. ನಾವು ಒಳಗಿರುವಾಗ ಬೀಗ ಹಾಕುತ್ತಾರಂತೆ, ಕಂಡವರು ಇಳಿದು ಬರದಿರಲೆಂದು.

"ಬೆಂಕಿ ಬಿದ್ರೆ?" ಎಂದು ಕೇಳಿದೆ.

"ನನ್ನ ಕೇಳ್ಬೇಡ ತಾಯಿ. ಚಿಲಕ ಹಾಕು ಅಂದ್ರು, ಹಾಕ್ತಿದೀನಿ" ಎಂದ. ಆದರೆ ಚಿಲಕ ಅರ್ಧಕ್ಕೇ ಬಿಟ್ಟು, ಸ್ಕ್ರೂ ಜೇಬಿಗೆ ಹಾಕಿಕೊಂಡು ಹೊರಟುಹೋದ.

ದೋನ್ಯಾ ಹೆಗಲಿಗೆ ಕಟ್ಟುವ ಬಟ್ಟೆ ಬಿಚ್ಚಿ ಮೆಟ್ಟಿಲ ಮೇಲೆ ಹಾಸಿದಳು. ಕೆಳಸಾಲಿನಿಂದ ಊದಿದ ಪುಸ್ತಕಗಳನ್ನು ಕಿತ್ತು ಮೂಟೆ ಕಟ್ಟಿ ಬೆನ್ನಿಗೇರಿಸಿದಳು. ನಾವೂ ಕಟ್ಟಿದೆವು. ಮೂಟೆಯಿಂದ ಬೆನ್ನ ಮೇಲೆ ಹೊಲಸು ಸೋರುತ್ತಿತ್ತು. ಎರಡನೇ ಮಹಡಿಗೆ ಹತ್ತಿ ಬಿಳಿ ಮೇಜುಗಳ ಮೇಲೆ ಸುರಿದೆವು. ಇಳಿದೆವು, ಹೊತ್ತೆವು, ಹತ್ತಿದೆವು. ಹಾಲಿನಲ್ಲಿ ಓದುತ್ತಿದ್ದವರು ಮೊದಲು ಮೂಗು ಮುಚ್ಚಿಕೊಂಡರು. ಒಬ್ಬಳು ಹುಡುಗಿ, ಇದೆಲ್ಲ ಎಲ್ಲಿತ್ತು ಎಂದು ಕೇಳಿದಳು. ಹೇಳಿದೆವು. ಅವಳು ನಮ್ಮ ಜೊತೆ ಇಳಿದಳು. ಆಮೇಲೆ ಇನ್ನಷ್ಟು ಜನ.

ಮಧ್ಯಾಹ್ನದ ಹೊತ್ತಿಗೆ ಕಾಫಿ ಅಂಗಡಿಯವನು ಶಟರ್ ಎಳೆದ. ಕಿಟಕಿ ತೆಗೆಯಿರೆಂದು ಯಾರೋ ಕೂಗಿದರು. ತೆಗೆಯುವ ಕಿಟಕಿಯೇ ಆ ಹಾಲಿಗೆ ಇಲ್ಲ.

ಡಾಕ್ಟರ್ ಇರಿಯಾರ್ತೆ ಕರ್ಚೀಫು ಹಿಡಿದು ಓಡಿ ಬಂದರು.

"ಏನ್ರೀ ಇದು ಅಸಹ್ಯ? ಯಾರ್ರೀ ನೀವು, ಯಾರು ನಿಮ್ಮನ್ನ ಒಳಗೆ ಬಿಟ್ಟೋರು?"

ದೋನ್ಯಾ ಸೊಂಟಕ್ಕೆ ಕೈಯೊರೆಸಿಕೊಂಡು ಒಂದು ಕುರ್ಚಿ ಎಳೆದು ಕೂತಳು.

"ಗ್ರಂಥಾಲಯದೋರು. ನಿಕಾನೋರ್‌ಗೆ ನಿಮ್ದೊಂದು ಸಹಿ ಬೇಕಿತ್ತು."

ಮೂರನೆಯ ವಾರ ಇದು. ನಾವು ಈ ಗಾಜಿನ ಹಾಲಿನಿಂದಲೇ ಪುಸ್ತಕ ಕೊಡುತ್ತಿದ್ದೇವೆ, ಕೈಯಿಂದ ಕೈಗೆ, ಮುಖ ನೋಡಿ. ನಿಕಾನೋರನ ಹೆಂಡತಿ ದಿನಾ ಬಂದು ಬಾಗಿಲಲ್ಲಿ ನಿಂತು ಕೇಳಿ ಹೋಗುತ್ತಾಳೆ. ಸಹಿ ಇನ್ನೂ ಬಿದ್ದಿಲ್ಲ. ನಾವೂ ಎದ್ದಿಲ್ಲ.