ಕಾಗೆ ಒಪ್ಪಿದ ಹಲಗೆ

ಇದು ನಡೆದದ್ದೇ. ಸುಳ್ಳಾದರೆ ನನ್ನ ಎಡಮೀಸೆ ಬೋಳಿಸಿರಿ; ಬಲಮೀಸೆಯನ್ನು ಇನ್ನೊಂದು ಕತೆಗೆ ಆಗಲೇ ಒತ್ತೆ ಇಟ್ಟಾಗಿದೆ.

ಜೇವರ್ಗಿ ತಾಲೂಕಿನ ಭೀಮಾ ದಂಡೆಯ ಊರಿನ ಮಲ್ಕಪ್ಪ ಸತ್ತ ಮೂರನೆಯ ದಿನ, ಅವನ ಹೆಂಡತಿ ನಿಂಬೆವ್ವ ಮಣ್ಣು ಕೊಟ್ಟ ಜಾಗದಲ್ಲಿ ಎಡೆ ಇಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಅವನಿಗೆ ಪ್ರಾಣವಾಗಿದ್ದ ಶೇಂಗಾಹಿಂಡಿ. ಕಾಗೆ ಮುಟ್ಟಲಿಲ್ಲ. ಮುಟ್ಟಲಿಲ್ಲವೆಂದರೆ ಸತ್ತವನ ಆಸೆಯೊಂದು ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ಪೂರೈಸುತ್ತೇವೆಂದು ಮಾತು ಕೊಡುವ ತನಕ ಯಾರೂ ಊಟಕ್ಕೆ ಕೂರುವಂತಿಲ್ಲ. ಬೇವಿನ ಮರದಲ್ಲಾದರೋ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಕಾಗೆಗಳು ಸೇರಿ, ಟೊಂಗೆ ಬಾಗಿ ನೆಲ ಮುಟ್ಟಿತ್ತು. ಒಂದೂ ಇಳಿಯಲೊಲ್ಲದು.

ಮಲ್ಕಪ್ಪನ ಅಣ್ಣ ಬಸವಂತರಾಯ ಕೈಮುಗಿದ. "ತಮ್ಮಾ, ನಿನ್ನ ಮನಿ ಮಾಳಿಗಿಗಿ ತಗಡಿನ ಪತ್ರಾ ಹಾಕಸ್ತೇನಿ."

ಕಾಗೆ ಕತ್ತು ತಿರುಗಿಸಿತು.

"ಹ್ವಾದ ವರ್ಷ ಹೊಲದ ಒಡ್ಡು ಸರಿಸಿದ್ದು ನಾನೇ. ತಿರುಗಿ ಸರಸ್ತೇನಿ."

ಊರವರೆಲ್ಲ ಅವನ ಕಡೆ ನೋಡಿದರು. ಕಾಗೆ ನೋಡಲಿಲ್ಲ.

ನಿಂಬೆವ್ವನಿಗೆ ಗೊತ್ತಿತ್ತು. ಗಂಡಹೆಂಡತಿ ಆರು ವರ್ಷ ಮಂಗಳೂರ ಹತ್ತಿರದ ಮೂಲ್ಕಿ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಬುತ್ತಿ ಬಿಚ್ಚುವ ಹೊತ್ತಿಗೆ ಕಡಲಲ್ಲಿ ಜನ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುತ್ತಿದ್ದರು. ಮಲ್ಕಪ್ಪ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದ.

"ಒಂದ ಸಲ ಅದರ ಮ್ಯಾಲ ನಿಂದರಬೇಕು ನೋಡು ಬೇ."

"ಮದಲ ಸಿಮೆಂಟ ಬುಟ್ಟಿ ಹೊರ್ರಿ. ತೆಲಿ ಬೆಳ್ಳಗಾತು, ಹಲಗಿ ಆಟ ಬೇಕಂತ."

ಅವನು ನಕ್ಕು ಬುಟ್ಟಿ ಹೊತ್ತಿದ್ದ. ಮತ್ತೆ ಆ ಮಾತು ಎತ್ತಿರಲಿಲ್ಲ. ಜ್ವರ ಹಿಡಿದು ಊರಿಗೆ ಬಂದವನು ಏಳಲಿಲ್ಲ.

ನಿಂಬೆವ್ವ ಮಣ್ಣಿಗೆ ಬಾಗಿ, ತನಗೆ ಮಾತ್ರ ಕೇಳುವಷ್ಟು ಹೇಳಿದಳು. "ಹಲಗಿ ತರ್ತೇನ್ರಿ."

ಕಾಗೆ ಇಳಿಯಿತು. ಶೇಂಗಾಹಿಂಡಿಯನ್ನೇ ಮೊದಲು ಮುಟ್ಟಿತು. ಎಲ್ಲರೂ ಉಂಡರು. ನಿಂಬೆವ್ವ ತನ್ನ ಪಾಲಿನ ರೊಟ್ಟಿಯನ್ನೂ ಕಾಗೆಗೇ ಇಟ್ಟಳು. ತಾನು ಗದರಿ ತಳ್ಳಿಹಾಕಿದ್ದನ್ನೇ ಅವನು ಜೊತೆಗೆ ಒಯ್ದಿದ್ದನಲ್ಲ.

ತಿಂಗಳು ಕಳೆದ ಮೇಲೆ ಒಬ್ಬಳೇ ಮೂಲ್ಕಿಯ ಬಸ್ಸು ಹತ್ತಿದಳು. ಅಲ್ಲಿ ಕಡಲ ದಂಡೆಯ ಹಲಗೆ ಅಂಗಡಿಯ ಯಾಸೀನ ಎದ್ದು ಬಂದ.

"ಎಂತ ಬೇಕಿತ್ತು ಅಮ್ಮಾ?"

"ಹೊಸದಾಗಿ ಕಲಿಯೋರಿಗಿ ಒಂದ ಹಲಗಿ. ಸಸ್ತಾ ಇರಬೇಕು, ಲಗೂನ ಮುರೀಬಾರದು. ನಮ್ಮ ಮನಿಯವರಿಗ್ರಿ."

"ತೂಕ ಎಷ್ಟು ಅವರದ್ದು?"

ಆಸ್ಪತ್ರೆಯವರು ಕೊನೆಗೆ ತೂಗಿದ ತೂಕ ಅವಳು ಹೇಳಲಿಲ್ಲ. "ಒಂದೂವರಿ ಸಿಮೆಂಟ ಚೀಲ."

"ಈಜು ಬರ್ತದಾ?"

"ತುಂಬಿದ ಭೀಮಾ ಬೀಡಿ ಸೇದಕೋತ ದಾಟೋ ಮನಶ್ಯಾ."

"ಹಾಗಾದರೆ ಅವರನ್ನೇ ಕರ್ಕೊಂಡು ಬನ್ನಿ. ಅವರೇ ನೋಡಿ ತಕ್ಕೊಳ್ಳಲಿ."

"ಅವರು ಬರಂಗಿಲ್ರಿ," ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು.

ಸೆರಗು ಮುಚ್ಚುವ ಮೊದಲು ಬರಿದಾದ ಹಣೆ ಯಾಸೀನನಿಗೆ ಕಂಡಿತು. ಹೊಸಬರಿಗೆ ಗಿಡ್ಡದು ಬೇಡ, ಉದ್ದ, ಅಗಲ, ದಪ್ಪ ಇರುವುದೇ ಬೇಕು, ಮೇಲ್ಮೈ ಮೆತ್ತಗಿದ್ದರೆ ಬಿದ್ದರೂ ಪೆಟ್ಟಾಗುವುದಿಲ್ಲ ಎಂದು ಬದುಕಿರುವವನಿಗೆ ಹೇಳುವ ಹಾಗೆಯೇ ಬಿಡಿಸಿ ಹೇಳಿದ. ಬಳಸಿದ ಎರಡು ಹಲಗೆ ತಂದಿಟ್ಟ. ಒಂದು ಥಳಥಳ ಬಿಳಿ, ಗಟ್ಟಿ, ಅಗ್ಗವೂ ಹೌದು. ಇನ್ನೊಂದು ಬಣ್ಣ ಮಾಸಿದ ನೀಲಿ, ಮೆತ್ತನೆಯ ಫೋಮಿನದು.

ನಿಂಬೆವ್ವ ಸೆರಗು ಸುತ್ತಿ ಸಿಂಬಿ ಮಾಡಿ ಬಿಳಿ ಹಲಗೆಯನ್ನು ತಲೆಯ ಮೇಲಿಟ್ಟಳು. ಊರಲ್ಲೂ ಮೂಲ್ಕಿಯಲ್ಲೂ ಸೇರಿ ಇಪ್ಪತ್ತು ವರ್ಷ ಬುಟ್ಟಿ ಹೊತ್ತ ತಲೆ ಅದು.

"ಇದು ನೀರು ಕುಡದೈತ್ರಿ. ಹಿಂದಿನ ತುದಿ ಜಡ ಐತಿ."

ಯಾಸೀನ ಹಲಗೆ ತಿರುಗಿಸಿ ನೋಡಿದ. ತುದಿಯ ಕೆಳಗೆ ಕೂದಲೆಳೆಯಷ್ಟು ಬಿರುಕು, ಒತ್ತಿದರೆ ಹನಿ. "ನನಗೇ ಗೊತ್ತಿರಲಿಲ್ಲ ಅಮ್ಮಾ."

ನೀಲಿಯದು ತಲೆಯ ಮೇಲೆ ತಕ್ಕಡಿಯ ಹಾಗೆ ನಿಂತಿತು. ಅದನ್ನೇ ಕೊಂಡಳು. ಯಾಸೀನ ಬಿಳಿಯ ದರಕ್ಕೇ ಕೊಟ್ಟು, ಒಂದು ಹಗ್ಗವನ್ನೂ ಸೇರಿಸಿದ. "ಇದನ್ನು ಕಾಲಿಗೆ ಕಟ್ಟಬೇಕು. ಬಿದ್ದರೂ ಹಲಗೆ ಬಿಟ್ಟು ಹೋಗುವುದಿಲ್ಲ."

ಕಡಲು ಅಲ್ಲೇ ಎದುರಿಗಿತ್ತು. ಆದರೆ ಮಾತು ಕೊಟ್ಟ ವಸ್ತುವನ್ನು ಮೊದಲು ಮಣ್ಣಿನ ಮುಂದೆ ತಂದಿಡಬೇಕಲ್ಲ. ಬಸ್ಸಿನ ಮೇಲೆ ಹಾಕಿಸಿದಳು. ಘಟ್ಟದಲ್ಲಿ ಗಾಳಿ ಹಲಗೆಯ ಕೆಳಗೆ ಹೊಕ್ಕು ಬಸ್ಸನ್ನೇ ಮೊಳದುದ್ದ ಮೇಲೆತ್ತಿತು; ಡ್ರೈವರ್ ಬ್ರೇಕ್ ಒತ್ತಿದರೆ ಗಾಲಿಗೆ ನೆಲವೇ ಇಲ್ಲ. ಹಾಗಾಗಿ ಆ ದಿನ ಬಸ್ಸು ಎರಡು ತಾಸು ಮೊದಲೇ ಬಂತು.

ಹಲಗೆಯನ್ನು ಮಣ್ಣಿಗೆ ತೋರಿಸಿ, ಭೀಮಾ ನದಿಗೆ ಇಳಿಸಿದಳು. ಹಗ್ಗವನ್ನು ತನ್ನ ಕಾಲಿಗೇ ಕಟ್ಟಿಕೊಂಡಳು. ಕಾಗೆಯೊಂದು ಬಂದು ಹಲಗೆಯ ನಡುವೆ ನಿಂತಿತು. ನಿಂತೇ ಇತ್ತು. ನದಿಯಲ್ಲಿ ಅಲೆ ಎಲ್ಲಿಯದು? ಒಡ್ಡು ಕಟ್ಟಿದ ನೀರು, ತಟ್ಟೆಯಲ್ಲಿ ಇಟ್ಟ ಹಾಗೆ.

ನಿಂಬೆವ್ವ ಎರಡೂ ಕೈಯಿಂದ ನೀರು ತಳ್ಳಿದಳು. ಹಲಗೆ ಒಂದಿಷ್ಟು ಏರಿತು, ಇಳಿಯಿತು. ಮತ್ತೆ ತಳ್ಳಿದಳು. ಮಧ್ಯಾಹ್ನವಿಡೀ ತಳ್ಳಿದಳು. ರಟ್ಟೆ ಸೋತು ಕೈ ನಿಂತಾಗ ಕಾಗೆ ಅವಳನ್ನು ನೋಡಿ, ಕಡಲಿರುವ ಪಡುವಣಕ್ಕೆ ಹಾರಿತು.

"ಅಷ್ಟೇ ಆಗೋದು ನನ್ನ ಕೈಲೆ," ಎಂದಳು ನಿಂಬೆವ್ವ. ನೀರಲ್ಲೇ ಕೂತು, ಮಣ್ಣು ಕೊಟ್ಟ ದಿನ ಬಾರದ ಅಳುವನ್ನು ಅತ್ತಳು.

ಹಲಗೆ ಈಗ ಅವಳ ಮನೆಯ ಗೋಡೆಗೆ ಒರಗಿದೆ. ದಿನಾ ಒರೆಸುತ್ತಾಳೆ, ಅದರ ಎದುರು ಉಣ್ಣುತ್ತಾಳೆ. ಕಡಲಿಗೆ ಮುಟ್ಟಿಸದೆ ಮಾತು ಮುಗಿಯುವುದಿಲ್ಲ ಎನ್ನುತ್ತಾಳೆ.

ನೀವು ಬರುವ ವಾರ ಮಂಗಳೂರ ಕಡೆ ಹೊರಟಿದ್ದೀರಂತೆ. ನಿಮ್ಮ ಗಾಡಿಯ ಮೇಲೆ ಕ್ಯಾರಿಯರ್ ಇರುವುದನ್ನು ಕತೆ ಶುರು ಮಾಡುವ ಮೊದಲೇ ನೋಡಿಕೊಂಡಿದ್ದೇನೆ. ಹಲಗೆ ಎಂಟೇ ಅಡಿ. ಹಿಂದಿನ ಸೀಟು ನಿಂಬೆವ್ವನಿಗೆ ಬಿಡಿರಿ. ಕಿಟಕಿಯ ಪಕ್ಕದ ಮುಂದಿನ ಸೀಟು ನನಗಿರಲಿ. ದಾರಿ ತೋರಿಸಲು ಒಬ್ಬರು ಬೇಕಲ್ಲ.