ಸಾವಿನ ಮನೆಗೆ ಹೊರಟವರು

ಚರ್ಚಿಗೆ ಸೇರಿದವರಲ್ಲಿ ಯಾರು ತೀರಿಕೊಂಡರೂ ಎಲ್ಲರೂ ಮೊದಲು, ಚರ್ಚಿನವರೆಲ್ಲ ಅತ್ತೆ ಎಂದೇ ಕರೆಯುವ ಹಿರಿಯಾಕೆಯ ಮನೆ ಮುಂದೆ ಸೇರಬೇಕು, ಅಲ್ಲಿಂದ ಒಟ್ಟಾಗಿ ಸಾವಿನ ಮನೆಗೆ ಹೊರಡಬೇಕು. ಈ ಕಟ್ಟಳೆ ಮಾಡಿದವರು ಅತ್ತೆಯೇ. ಯಾರು ಪ್ರಾರ್ಥನೆ ಮಾಡಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನೆಲ್ಲ ಅವರು ಮುಂದೆ ಬೈದುಕೊಂಡು ನಡೆಯುತ್ತಾ ದಾರಿಯಲ್ಲೇ ತೀರ್ಮಾನಿಸುತ್ತಿದ್ದರು. ಹಿಂದಿನಿಂದ ಅವರ ಗಂಡ, ಎಲ್ಲರ ಮಾವ, ಒಂದು ಕೈಯಲ್ಲಿ ಟೀ ಫ್ಲಾಸ್ಕು, ಇನ್ನೊಂದರಲ್ಲಿ ಮಡಚುವ ಕುರ್ಚಿ ಹಿಡಿದು ಬರುತ್ತಿದ್ದರು. ಅತ್ತೆಗೆ ಮಂಡಿನೋವು. ಅವರ ಬಾಯಿಗೆ ಹೆದರದವರಿಲ್ಲ, ಆದರೆ ಸಾವಾದಾಗ ಅವರಿಲ್ಲದೆ ಯಾರಿಗೂ ಕೈಕಾಲು ಆಡುತ್ತಿರಲಿಲ್ಲ.

ಈಗ ಅತ್ತೆಯೇ ಹೋಗಿಬಿಟ್ಟಿದ್ದರು. ಮಣ್ಣಾದ ಮೇಲೂ ಮಾವ ಒಂದು ಹನಿ ಕಣ್ಣೀರು ಹಾಕಿಲ್ಲ, ಒಂದು ಮಾತಾಡಿಲ್ಲ ಎಂದು ಸುದ್ದಿ ಬಂತು.

"ನೀವೇ ಏನಾದ್ರೂ ಸಮಾಧಾನ ಹೇಳಿ, ನಾನು ಹೊಸಬ," ಎಂದು ಪಾಸ್ಟರು ದರ್ಜಿಯ ತಲೆಗೆ ಕಟ್ಟಿದರು. ದರ್ಜಿಗೆ ಮಾವನೆಂದರೆ ಜೀವ. ಆ ಮನುಷ್ಯನ ಎದೆ ಹಗುರಾಗುವಂಥ ಒಂದು ಮಾತು ಸಿಕ್ಕರೆ ಸಾಕೆಂದು ಮಿಷನ್ನಿನ ಮುಂದೆ ಕೂತು ಒದ್ದಾಡಿದ. ಒದ್ದಾಟದಲ್ಲಿ ಯಾರದೋ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದ.

ಸಂಜೆ ದರ್ಜಿ, ಪಾಸ್ಟರು, ಚರ್ಚಿನ ಮೈಕು ನೋಡಿಕೊಳ್ಳುವವನು, ಮೂವರೂ ರೂಢಿಯಂತೆ ಅತ್ತೆಯ ಮನೆ ಮುಂದೆ ಸೇರಿದರು. ಸೇರಿದವರು, ಅಯ್ಯೋ ದೇವರೇ, ರೂಢಿಯಂತೆ ಅಲ್ಲೇ ನಿಂತರು! ಒಳಗೆ ಹೋಗಬೇಕೆಂದು ಒಬ್ಬನಿಗೂ ಹೊಳೆಯಲಿಲ್ಲ.

ಬಾಗಿಲು ತೆರೆಯಿತು. ಮಾವ ಬೂಟು ಹಾಕಿಕೊಂಡು, ಫ್ಲಾಸ್ಕು ಹಿಡಿದು ಹೊರಬಂದರು. ಕುರ್ಚಿಯನ್ನು ಪಾಸ್ಟರ ಕೈಗೆ ತುರುಕಿ ಬಾಗಿಲಿಗೆ ಬೀಗ ಜಡಿದರು.

"ನಡೀರಿ, ಹೊತ್ತಾಯ್ತು."

ಕಿಟಕಿಯಲ್ಲಿ ಮಗಳ ಮುಖ ಕಾಣಿಸಿತು. "ಅಪ್ಪಾ! ನಾನು ಒಳಗಿದ್ದೀನಿ! ಎಲ್ಲಿಗೆ ಹೊರಟ್ರಿ?"

"ಸಾವಿನ ಮನೆಗೆ ಕಣೇ. ಬಂದ್ಬಿಡ್ತೀವಿ."

ಅಷ್ಟರಲ್ಲಿ ಮಾವ ಬೀದಿಗಿಳಿದಾಗಿತ್ತು. ದಡಿಯರು ಮೂರು ಜನ, ಒಬ್ಬನಿಗಾದರೂ ಬಾಯಿ ಬರಬೇಡವೇ? ಕುರಿಗಳ ಹಾಗೆ ಹಿಂದೆ ಹೊರಟರು. ಬೇಕರಿ ದಾಟಿತು, ಸೈಕಲ್ ಶಾಪು ದಾಟಿತು. ಔಷಧಿ ಅಂಗಡಿಯವನು, "ಯಾರು ಹೋದ್ರು?" ಎಂದು ಕೇಳಿದ. ಮೈಕಿನವನು ಗಾಬರಿಯಲ್ಲಿ, "ಇನ್ನೂ ಗೊತ್ತಾಗಿಲ್ಲ," ಎಂದುಬಿಟ್ಟ.

"ಹೇಳ್ರೀ," ಎಂದು ಪಾಸ್ಟರು ದರ್ಜಿಯನ್ನು ಕುರ್ಚಿಯ ಕಾಲಿನಿಂದಲೇ ತಿವಿದರು.

ದರ್ಜಿ ಲೆಕ್ಕ ಹಾಕತೊಡಗಿದ. ಮಾವನಿಗೆ ಬುದ್ಧಿ ಕೆಟ್ಟಿದ್ದರೆ? ಸತ್ಯ ಹೇಳಿದರೆ ನಡುಬೀದಿಯಲ್ಲೇ ಕುಸಿದುಬಿಟ್ಟರೆ? ಹೇಳದಿದ್ದರೆ ಊರೆಲ್ಲ ಸುತ್ತಬೇಕು. ಮೂಲೆ ತಿರುಗುವಲ್ಲಿ ಅವರ ತೋಳು ಹಿಡಿದು ನಿಲ್ಲಿಸಿದ. ಹೊಂದಿಸಿಟ್ಟ ಮಾತೆಲ್ಲ ಹಾರಿಹೋಗಿತ್ತು.

"ಮಾವ, ನಾವು ಬಂದಿದ್ದು ನಿಮ್ಮನೆಗೇ. ಸತ್ತಿರೋದು ನಮ್ಮ ಅತ್ತೆ."

ಮಾವ ತೋಳು ಬಿಡಿಸಿಕೊಂಡರು.

"ನಂಗೊತ್ತಿಲ್ವೇನೋ, ಪೆದ್ದ? ಹೂತು ಬಂದವನು ನಾನು." ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡರು. "ಆ ಮನೇಲಿ ಕೂತು ಸಮಾಧಾನ ಹೇಳಿಸ್ಕೊಳ್ಳಕ್ಕೆ ನಂಗೆ ಬರಲ್ಲ ಕಣಯ್ಯಾ. ಅಭ್ಯಾಸ ಇಲ್ಲ. ಹಿಂಗೆ ನಿಮ್ಮ ಜೊತೆ ನಡೀತಿದ್ರೆ, ಅವಳು ಮುಂದೆ ಬೈಕೊಂಡು ಹೋಗ್ತಿದ್ದಾಳೆ ಅನ್ಸುತ್ತೆ."

ಹಾಗೆಂದವರೇ ಅತ್ತುಬಿಟ್ಟರು, ಬೀದಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ದರ್ಜಿಗೂ ತಡೆಯಲಾಗಲಿಲ್ಲ. ಪಾಸ್ಟರು ಕುರ್ಚಿ ಬಿಡಿಸಿದರು, ಯಾರೂ ಕೂರಲಿಲ್ಲ.

ಸ್ವಲ್ಪ ಹೊತ್ತಿಗೆ ಮಾವ ಮೂಗೊರೆಸಿಕೊಂಡು ಬೀಗದಕೈಯನ್ನು ಮೈಕಿನವನಿಗೆ ಕೊಟ್ಟರು. "ಹೋಗಿ ಬಾಗಿಲು ತೆಗಿ, ಮಗಳು ಶಾಪ ಹಾಕ್ತಿರ್ತಾಳೆ. ನಾವು ಆಮೇಲೆ ಬರ್ತೀವಿ ಅನ್ನು."

"ಈಗ ಎಲ್ಲಿಗೆ ಮಾವ?" ಎಂದ ದರ್ಜಿ.

"ಇನ್ನೊಂದು ಬೀದಿ ಸುತ್ತೋಣ. ನೀನು ಮುಂದೆ ನಡಿ," ಎಂದರು ಮಾವ. "ಸ್ವಲ್ಪ ಬೈಕೊಂಡು ನಡಿ."