ಅಡುಗೆಮನೆ ಕಾಣದವನ ಸಾಕ್ಷಿ

"ಬೆಲ್ಟ್ ಕಳಟ್ರಾ, ತಿರುಟ್ಟು ನಾಯೆ!"

ಬೆಲ್ಟ್ ಬಿಚ್ಚೋ ಕಳ್ಳ ನಾಯಿ ಎಂದು ಸುಬೇದಾರ್ ತಮಿಳಿನಲ್ಲಿ ಬೈಯುತ್ತಾ ನನ್ನ ಟೋಪಿಯನ್ನು ತಾನೇ ಕಿತ್ತುಕೊಂಡ. ಸೈನ್ಯದ ಕೋರ್ಟಿನೊಳಗೆ ಆರೋಪಿಯ ಮೈಮೇಲೆ ಟೋಪಿ, ಬೆಲ್ಟ್ ಎರಡೂ ಇರಕೂಡದು. ತೀರ್ಪು ಇನ್ನೂ ಬರಬೇಕು, ಕಳ್ಳನ ವೇಷ ಮಾತ್ರ ಬಾಗಿಲಲ್ಲೇ ಸಿದ್ಧ. ಹದಿನಾಲ್ಕು ವರ್ಷ ಆ ಬೆಲ್ಟ್ ಕಟ್ಟಿದ ಶೀನ ನಾನು, ಆಫೀಸರುಗಳ ಮೆಸ್ಸಿನಲ್ಲಿ ಉಗ್ರಾಣ ನೋಡುವವನು, ಹೊತ್ತಿಗೆ ಬಡಿಸುವವನು. ಆ ಸುಬೇದಾರನ ಮೋರೆಗೆ ಉಗಿಯಬೇಕೆನ್ನಿಸಿತು.

ಮೆಸ್ಸಿನಿಂದ ನಲವತ್ತು ಡಬ್ಬಿ ತುಪ್ಪ ಕದ್ದು ಹೊರಗೆ ಮಾರಿದೆನಂತೆ. ಮಾರಲಿಲ್ಲ, ಹೊತ್ತದ್ದು ನಿಜ. ಪ್ರತಿ ಶುಕ್ರವಾರ ಒಂದು ಡಬ್ಬಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಕರ್ನಲ್ ಸಾಹೇಬರ ಬಂಗಲೆಗೆ ಕೊಟ್ಟು ಬರುತ್ತಿದ್ದೆ. ಬಾಯಿಮಾತಿನ ಹುಕುಂ, ಚೀಟಿಗೀಟಿ ಇಲ್ಲ. ತಪಾಸಣೆಯವರು ಬಂದು ತುಪ್ಪ ಎಲ್ಲಿ ಎಂದ ದಿನ ಸಾಹೇಬರಿಗೆ ನನ್ನ ಹೆಸರು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ನನ್ನ ಪರ ವಾದಿಸಲು ನೇಮಿಸಿದ್ದು ಮೇಜರ್ ತಿರುಮಲ ಅವರನ್ನು. ಅಡ್ಯಾರಿನವರು, ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರು, ಮನೆಮಾತು ಕನ್ನಡ. ನಮ್ಮವರೊಬ್ಬರು ಸಿಕ್ಕರೆಂದು ಹಿಗ್ಗಿದೆ, ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಕೋರ್ಟಿನ ಹಿಂದಿನ ದಿನ ಮಧ್ಯಾಹ್ನ ಅವರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು.

"ನೋಡಪ್ಪಾ ಶೀನ, ಕೇಸು ಕೊಂಜಂ, ಸ್ವಲ್ಪ ವೀಕು. ತಪ್ಪಾಯ್ತು ಅಂತ ಒಪ್ಕೊಂಡ್ಬಿಡು. ರ‍್ಯಾಂಕ್ ಹೋಗತ್ತೆ, ಅಷ್ಟೇ ದಾನೆ? ಇನ್ನೊಂದು ವರ್ಷ ತಳ್ಳಿದ್ರೆ ಪೆನ್ಷನ್ ಕೈಗೆ ಬರತ್ತೆ. ಸಾಹೇಬರ ಹೆಸರೆತ್ತಿದ್ಯೋ, ಡಿಸ್ಮಿಸ್. ಜೈಲು ಬೇರೆ."

"ನಾನು ಕದಿಲಿಲ್ಲ ಸರ್. ಕೊಂಡೋಗಿ ಕೊಟ್ಟದ್ದು."

"ನೋಡಿದವ್ರು ಯಾರು?"

"ಸಾಹೇಬ್ರ ಹೆಂಡ್ತಿ, ಮೇಡಮ್ಮೇ ನೋಡಿದ್ದಾರಲ್ಲ! ಹಿತ್ಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಡ್ಲಿಕ್ಕೆ ಹೇಳುದು. ನಾನು ಆಚೆ ಸರಿದ ಮೇಲೆ ಡಬ್ಬಿಗೆ ನೀರು ಚಿಮುಕಿಸಿ ಒಳಗೆ ಕೊಂಡೋಗುದು. ಮೊದಲ ದಿನವೇ ಊರು, ಜಾತಿ ಕೇಳಿದ್ರು. ಉಡುಪಿ ಕಡೆ, ಬುಟ್ಟಿ ಹೆಣೆಯುವವರು ಅಂದೆ. ಮತ್ತೆ ಮೆಟ್ಲು ಹತ್ಲಿಕ್ಕೆ ಬಿಡ್ಲಿಲ್ಲ."

ಮೇಜರ್ ಕನ್ನಡಕ ತೆಗೆದು ಒರೆಸಿದರು.

"ಅದನ್ನೆಲ್ಲ ಅಲ್ಲಿ ಎತ್ಬೇಡ. ನಮ್ಮ ಪಾಟಿ, ಅಜ್ಜಿ ಮನೇಲೂ ಹಾಗೇ ಇತ್ತು. ಅದು ಮಡಿ ಅಷ್ಟೇ, ಅವಮಾನ ಅಲ್ಲ. ಸೈನ್ಯದಲ್ಲಿ ಜಾತಿ ಇಲ್ಲಪ್ಪಾ. ನೀನು ಕನ್ನಡದಲ್ಲೇ ಹೇಳು, ಇಂಗ್ಲಿಷಲ್ಲಿ ನಾನು ನೋಡ್ಕೋತೀನಿ."

ತಾಂಬರಂನಲ್ಲಿ ನಮ್ಮ ಬಾಡಿಗೆ ಕೋಣೆ. ಆ ಸಂಜೆ ನಾನು ಹೋದಾಗ ನನ್ನ ಹೆಂಡತಿ ಅಕ್ಕು ಹೋಟೆಲಿನಲ್ಲಿ ಪಾತ್ರೆ ತೊಳೆದು ಬಂದು ಕಾಲು ಚಾಚಿ ಕೂತಿದ್ದಳು. ಮೇಜರ್ ಅಂದದ್ದನ್ನು ಹೇಳಿದ್ದೇ ಎದ್ದು ನಿಂತಳು.

"ಆ ಬೇವರ್ಸಿ ಕರ್ನಲ ತಿಂದ ತುಪ್ಪಕ್ಕೆ ನೀವು ಕಳ್ಳ ಆಗುದಾ? ಪೆನ್ಷನಿಗೆ ಬೆಂಕಿ ಬೀಳ್ಲಿ. ಕದ್ದೆ ಹೇಳಿ ಒಪ್ಪಿ ಬಂದ್ರೆ ಈ ಬಾಗ್ಲಿಗೆ ಬರ್ಬೇಡಿ. ಮಗಳ ಶಾಲೆಗೆ ನಾನು ಯಾವ ಮೋರೆ ಹೊತ್ಕೊಂಡು ಹೋಗ್ಲಿ?"

ಮರುದಿನ ಅಕ್ಕುವೂ ಜೊತೆಗೆ ಬಂದು ಹೊರಗೆ ವರಾಂಡದ ಬೆಂಚಿನಲ್ಲಿ ಕೂತಳು. ಕೋರ್ಟಿನಲ್ಲಿ ಎತ್ತರದ ಕುರ್ಚಿಗಳಲ್ಲಿ ಐವರು ಆಫೀಸರುಗಳು ಕೂತಿದ್ದರು. ಐವರ ಎಂಜಲು ತಟ್ಟೆಯನ್ನೂ ಎತ್ತಿದವನು ನಾನು. ಮೇಡಂ ಬಂದು ಸಾಕ್ಷಿ ಹೇಳಿ ಹೋದರು.

"ಈ ಮನುಷ್ಯ ಒಂದು ದಿನವೂ ನನ್ನ ಮನೆಯೊಳಗೆ ಕಾಲಿಟ್ಟಿಲ್ಲ."

ಸತ್ಯ. ಆ ತಾಯಿ ಒಂದಕ್ಷರ ಸುಳ್ಳು ಹೇಳಲಿಲ್ಲ.

ಆಮೇಲೆ ಸರ್ಕಾರದ ಪರ ವಕೀಲ ನನ್ನತ್ತ ತಿರುಗಿದ.

"ನಲವತ್ತು ಸಲ ಹೋಗಿದ್ದೆಯಂತೆ. ಅಡುಗೆಮನೆಯಲ್ಲಿ ಫ್ರಿಜ್ ಯಾವ ಕಡೆಗಿದೆ?"

"ಗೊತ್ತಿಲ್ಲ."

"ಕಿಟಕಿ ಎಷ್ಟಿವೆ?"

"ಗೊತ್ತಿಲ್ಲ."

ಐವರಲ್ಲೊಬ್ಬ ನಕ್ಕ. ನಾನು ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ: ಒಗೆಯುವ ಕಲ್ಲು, ಚಿಮುಕಿಸಿದ ನೀರು, ನನ್ನ ಜಾತಿ. ಮೇಜರ್ ತಿರುಮಲ ಎದ್ದು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು. ಆರೋಪಿಗೆ ಏನೂ ಸರಿಯಾಗಿ ನೆನಪಿಲ್ಲ. ಆತ ಕೋರ್ಟಿನ ಕರುಣೆ ಬೇಡುತ್ತಾನೆ.

ಇವರ ಕುರ್ಚಿಗಳ ಹಿಂದೆ ಹದಿನಾಲ್ಕು ವರ್ಷ ಸೂಪು ಹಿಡಿದು ನಿಂತವನ ಕಿವಿಗೆ ಇಂಗ್ಲಿಷ್ ಬಿದ್ದೇ ಇಲ್ಲ ಅಂದುಕೊಂಡಿದ್ದರೋ ಏನೋ! ನನ್ನ ಮೈಯೆಲ್ಲ ಉರಿಯಿತು.

"ಸುಳ್ಳು ಬೊಗಳ್ಬೇಡಿ ಮೇಜರ್ ಸಾಹೇಬ್ರೆ! ನಾನು ಯಾವಾಗ ಕರುಣೆ ಕೇಳಿದ್ದು?"

ಮೇಜರ್ ಕುಸಿದು ಕೂತರು. ನಾನು ಐವರ ಕಡೆ ತಿರುಗಿ ಹಿಂದಿಯಲ್ಲೇ ಶುರು ಮಾಡಿದೆ.

"ಅಡುಗೆಮನೆ ನನಗೆ ಗೊತ್ತಿಲ್ಲ. ನನ್ನ ಜಾತಿಯವನನ್ನು ಅವರು ಒಳಗೆ ಬಿಡುವುದಿಲ್ಲ, ಅದಕ್ಕೆ ಗೊತ್ತಿಲ್ಲ. ಹಿತ್ತಲು ಕೇಳಿ, ಹೇಳುತ್ತೇನೆ. ಮೆಟ್ಟಿಲು ಮೂರು, ಮೂರನೆಯದರ ಸಿಮೆಂಟು ಕಿತ್ತಿದೆ. ಒಗೆಯುವ ಕಲ್ಲಿನ ಎಡಮೂಲೆ ಒಡೆದಿದೆ. ನುಗ್ಗೆ ಮರದ ಬುಡದಲ್ಲಿ ತೆಂಗಿನ ಚಿಪ್ಪು ಕವುಚಿ ಹಾಕಿದೆ. ನನಗೆ ನೀರು ಕೊಡುತ್ತಿದ್ದದ್ದು ಅದರಲ್ಲಿ. ಏಳಿ, ಈಗಲೇ ಹೋಗಿ ನೋಡೋಣ."

ನಡುವಿನ ಕುರ್ಚಿಯ ಆಫೀಸರ್ ಕೈಯೆತ್ತಿದ. "ಪ್ರಕರಣಕ್ಕೆ ಸಂಬಂಧವಿಲ್ಲದ ಮಾತು. ಇದನ್ನು ದಾಖಲಿಸಬೇಡಿ."

ಟೈಪು ಮಾಡುತ್ತಿದ್ದ ಗುಮಾಸ್ತ ಬೆರಳುಗಳನ್ನು ಹಿಂದಕ್ಕೆಳೆದುಕೊಂಡ. ನಾನು ನಾಲ್ಕು ಹೆಜ್ಜೆ ಹೋಗಿ ಅವನ ಮೇಜನ್ನು ಎರಡೂ ಕೈಯಲ್ಲಿ ಹಿಡಿದೆ.

"ಬರೀ."

"ಏಯ್!" ಸುಬೇದಾರ್ ನನ್ನ ರಟ್ಟೆ ಹಿಡಿದೆಳೆದ. ಇನ್ನಿಬ್ಬರು ಜವಾನರು ಓಡಿ ಬಂದು ಸೊಂಟಕ್ಕೆ ಕೈ ಹಾಕಿದರು. ನನ್ನ ಜೊತೆ ಮೇಜೂ ಬಂತು, ಅದರ ಕಾಲು ನೆಲಕ್ಕೆ ಕಿರ್ರೆಂದು ಉಜ್ಜಿತು. ಯಾರೋ ಮೊಣಕೈಗೆ ಗುದ್ದಿದರು.

"ಡಿಸ್ಮಿಸ್ ಮಾಡಿ, ಜೈಲಿಗೆ ಹಾಕಿ! ಇದನ್ನು ಬರೆದು ಹಾಕಿ! ಬರೀ!"

ವರಾಂಡದ ಬೆಂಚಿನ ಕಡೆಯಿಂದ ಅಕ್ಕುವಿನ ಕೂಗು ಗೋಡೆ ದಾಟಿ ಬಂತು.

"ಬಿಡ್ಬೇಡಿ ಮಾರಾಯ್ರೆ! ಬಿಡ್ಬೇಡಿ!"

ನಾನು ಬಿಡಲಿಲ್ಲ.